ಬೈಲು, ಮಜಲು, ಬೆಟ್ಟು: ನಮ್ಮ ನೆಲದ ಚರಿತ್ರೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಎಂದ ಮೇಲೆ ಅದರಲ್ಲಿ ಊರಿನ ಚರಿತ್ರೆ ಇರಲೇಬೇಕು. ಅಂಥ ಲೇಖನದಲ್ಲಿ ದೇವಸ್ಥಾನದ ಪ್ರತಿಷ್ಠೆ, ಶಾಲೆ ತೆರೆದ ವರ್ಷ, ರಸ್ತೆ ಬಂದದ್ದು, ಕರೆಂಟು ಬಂದದ್ದು ಇವಿಷ್ಟನ್ನು ಹೇಳಿ ಕೈಮುಗಿಯುವುದು ವಾಡಿಕೆ. ನಾವು ಈ ಸಲ ಸ್ವಲ್ಪ ಬೇರೆ ದಾರಿ ಹಿಡಿದಿದ್ದೇವೆ. ದಿನಾ ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಗದ್ದೆಯ ಅಂಚಿನ ಮೇಲೆ ನಡೆದು ಸಂಘಕ್ಕೆ ಬರುತ್ತೇವಲ್ಲ, ಆ ಅಂಚನ್ನು ಕಟ್ಟಿದವರು ಯಾರು? ಅಂಚಿನ ಆಚೆ ಬೈಲು, ಈಚೆ ಮಜಲು, ಅದರ ಮೇಲೆ ಬೆಟ್ಟು, ಅದರ ತಲೆಯ ಮೇಲೆ ಹಾಡಿ ಎಂದು ಈ ನೆಲವನ್ನು ಪದರ ಪದರವಾಗಿ ಜೋಡಿಸಿದವರು ಯಾರು? ಇದಕ್ಕೆ ಶಿಲಾಶಾಸನ ಇಲ್ಲ, ಉದ್ಘಾಟನೆಯ ಫಲಕವೂ ಇಲ್ಲ. ಆದರೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಅತಿ ದೊಡ್ಡ ಕಟ್ಟಡ ಯಾವುದು ಎಂದು ಕೇಳಿದರೆ ನಾವು ಇದನ್ನೇ ತೋರಿಸುತ್ತೇವೆ.

ಈಚೆಗೆ ವಿದ್ವಾಂಸರು ಇಂಥ ನೆಲಕ್ಕೆ 'ಸಾಂಸ್ಕೃತಿಕ ಭೂದೃಶ್ಯ' ಎಂಬ ಹೆಸರು ಕೊಟ್ಟಿದ್ದಾರೆ. ಪ್ರಕೃತಿಯೂ ಮನುಷ್ಯನೂ ಕೂಡಿ ಮಾಡಿದ ನೆಲ ಎಂದು ಅದರ ಅರ್ಥ. 1992ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆ ಸಮಿತಿಯು ಗುಡಿ ಗೋಪುರಗಳ ಜೊತೆಗೆ ಇಂಥ ನೆಲಗಳನ್ನೂ ಪರಂಪರೆಯ ಪಟ್ಟಿಗೆ ಸೇರಿಸಬಹುದೆಂದು ಒಪ್ಪಿತು. ನಮ್ಮ ದೇಶದಲ್ಲಿ ಮಧ್ಯಪ್ರದೇಶದ ಭೀಮಬೆಟ್ಕಾ 2003ರಲ್ಲಿ ಆ ಪಟ್ಟಿಗೆ ಸೇರಿತು. ಹೆಸರು ದೊಡ್ಡದು, ವಿಷಯ ಮಾತ್ರ ನಮ್ಮ ಹಿತ್ತಲಿನದೇ. 'ಸುಸ್ಥಿರ ಅಭಿವೃದ್ಧಿ' ಎಂಬ ಮಾತೂ ಹಾಗೆಯೇ. ಇವತ್ತು ನಾವು ಉಂಡು, ನಾಳೆ ಮಕ್ಕಳಿಗೂ ಉಣ್ಣಲು ಉಳಿಸುವುದು ಎಂದರೆ ಸಾಕು.

ಮೊದಲು ನೆಲದ ಲೆಕ್ಕ ನೋಡೋಣ. ತೋಡಿನ ಬದಿಯ ತಗ್ಗಿನ ಗದ್ದೆ ಬೈಲು. ಅಲ್ಲಿ ಕಾರ್ತಿ, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ ತೆಗೆಯುವಷ್ಟು ನೀರಿನ ಪಸೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಮಜಲು, ಎರಡು ಬೆಳೆಯ ನೆಲ. ಅದಕ್ಕೂ ಮೇಲಿನದು ಬೆಟ್ಟು, ಮಳೆ ನಂಬಿ ಒಂದೇ ಬೆಳೆ. ಕಾರ್ತಿಯ ಕೊಯ್ಲು ಆದ ಮೇಲೆ ಪಸೆ ಇರುವಲ್ಲಿ ಉದ್ದು, ಹೆಸರು, ಕಡಲ ಬದಿಯ ಹೊಯ್ಗೆ ಮಣ್ಣಿನಲ್ಲಿ ನೆಲಗಡಲೆ, ಬೈಂದೂರು ಕಡೆ ಕಲ್ಲಂಗಡಿ. ಸರಕಾರಕ್ಕೆ ಇದು ಕಂದಾಯದ ತರಗತಿ ಆಗಿರಬಹುದು. ನಮ್ಮವರಿಗೆ ಇದು ನೀರು ಇಳಿಯುವ ದಾರಿಯ ನಕ್ಷೆ. ಬೆಟ್ಟಿನಲ್ಲಿ ನಿಂತ ಮಳೆನೀರು ನಿಧಾನವಾಗಿ ಮಣ್ಣಿಗಿಳಿದು ಮಜಲಿಗೆ ಬರಬೇಕು, ಮಜಲಿನದು ಬೈಲಿಗೆ, ಬೈಲಿನದು ತೋಡಿಗೆ, ತೋಡಿನದು ಹೊಳೆಗೆ. ಪ್ರತಿ ಅಂಚೂ ನೀರಿಗೆ 'ಸ್ವಲ್ಪ ನಿಲ್ಲು ಮಾರಾಯ, ಎಂಥ ಅವಸರ' ಎಂದು ಹೇಳುವ ಒಂದು ತಡೆ.

ಈ ತಡೆ ಯಾಕೆ ಬೇಕಾಯಿತೆಂದರೆ, ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆ ನಮ್ಮದು. ಅದರ ಹೆಚ್ಚಿನ ಪಾಲು ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಘಟ್ಟದ ಬುಡಕ್ಕೂ ಕಡಲಿಗೂ ನಡುವಿನ ದೂರ ಕಡಿಮೆ, ಇಳಿಜಾರು ಹೆಚ್ಚು. ಸುಮ್ಮನೆ ಬಿಟ್ಟರೆ ಬಿದ್ದ ನೀರು ಅರಬ್ಬೀ ಸಮುದ್ರ ಸೇರಲು ಬಹಳ ಹೊತ್ತು ಬೇಡ. ಆಮೇಲೆ ಏಪ್ರಿಲ್, ಮೇ ತಿಂಗಳಲ್ಲಿ ಕುಡಿಯುವ ನೀರಿಗೆ ಟ್ಯಾಂಕರು ಕಾಯುವುದು. ಜೂನ್ ತಿಂಗಳಲ್ಲಿ ಅಂಗಳದಲ್ಲಿ ದೋಣಿ ಬಿಡಬಹುದಾದ ಊರಿನಲ್ಲಿ ಮೇ ತಿಂಗಳಲ್ಲಿ ಕೊಡಪಾನದ ಸಾಲು!

ಹಿರಿಯರು ಇದಕ್ಕೆ ಕಂಡುಕೊಂಡ ಉಪಾಯ ಎರಡು. ಒಂದು ಮದಗ, ಅಂದರೆ ಮೇಲಿನ ನೆಲದಲ್ಲಿ ಮಳೆನೀರು ಹಿಡಿಯುವ ಕೆರೆ. ಇನ್ನೊಂದು ಕಟ್ಟ. ಕಾರ್ತಿಯ ಕೊಯ್ಲು ಮುಗಿದು ತೋಡಿನ ರಭಸ ಇಳಿದ ಮೇಲೆ ಮರದ ಗೂಟ, ಕಲ್ಲು, ಸೊಪ್ಪು, ಮಣ್ಣು ಹಾಕಿ ಅಡ್ಡಕ್ಕೆ ಕಟ್ಟುವ ಒಡ್ಡು ಇದು. ನೀರು ಹಿಂದಕ್ಕೆ ನಿಂತು ಸುಗ್ಗಿ ಗದ್ದೆಗೆ ಹರಿಯುತ್ತದೆ, ಆಸುಪಾಸಿನ ಬಾವಿಗಳ ನೀರು ಮೇಲಕ್ಕೆ ಬರುತ್ತದೆ. ಮಳೆಗಾಲ ಬಂದರೆ ಕಟ್ಟ ತಾನೇ ಕೊಚ್ಚಿಕೊಂಡು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಕಟ್ಟಬೇಕು. ಪ್ರತಿ ವರ್ಷ ಕಟ್ಟುವುದು ದಡ್ಡತನ ಎಂದು ತೋರಬಹುದು. ನಮಗೆ ಹಾಗೆ ಕಾಣುವುದಿಲ್ಲ. ಪ್ರತಿ ವರ್ಷ ಕಟ್ಟಬೇಕಾದ್ದರಿಂದಲೇ ಪ್ರತಿ ವರ್ಷ ಮನೆಗೊಂದು ಆಳು ತೋಡಿಗೆ ಇಳಿಯಬೇಕಾಗುತ್ತಿತ್ತು. ಜಗಳ ಆಡಿದವರೂ ಒಂದೇ ಬುಟ್ಟಿಯ ಎರಡು ಕಿವಿ ಹಿಡಿಯಬೇಕಾಗುತ್ತಿತ್ತು.

ಇನ್ನು ಹಾಡಿಯ ವಿಷಯ. ಗದ್ದೆಗೆ ಗೊಬ್ಬರ ಎಲ್ಲಿಂದ? ಹಟ್ಟಿಯಿಂದ. ಹಟ್ಟಿಗೆ ಹಾಸಲು ಸೊಪ್ಪು, ತರಗೆಲೆ ಎಲ್ಲಿಂದ? ಹಾಡಿಯಿಂದ. ಈ ನಂಟನ್ನು ಕಾನೂನೂ ಒಪ್ಪಿತ್ತು. ಹಳೆಯ ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ಕುಮ್ಕಿ ಹಕ್ಕು ದಕ್ಷಿಣ ಕನ್ನಡದ ಕೃಷಿಕರಿಗೆ ಇತ್ತು. ಕಾಡಿಲ್ಲದೆ ಗದ್ದೆ ಬದುಕುವುದಿಲ್ಲ ಎಂಬುದು ಬ್ರಿಟಿಷರ ಕಡತಕ್ಕೂ ಹೋದ ಸತ್ಯ. ಹಾಡಿಯ ನಡುವೆ ನಾಗಬನ. ಕತ್ತಿ ತಾಗಿಸಬಾರದು ಎಂಬ ಭಯಭಕ್ತಿಯಿಂದ ಉಳಿದ ಮರ, ಬಳ್ಳಿ, ತಂಪು. ಈಗ ಅನೇಕ ಕಡೆ ಬನದ ಮರ ಕಡಿದು ಸಿಮೆಂಟಿನ ಕಟ್ಟೆ, ಟೈಲ್ಸು, ಕಬ್ಬಿಣದ ಗೇಟು ಮಾಡಿ 'ಜೀರ್ಣೋದ್ಧಾರ' ಎನ್ನುತ್ತಾರೆ. ನಾಗನಿಗೆ ಬೇಕಾದದ್ದು ತಂಪು. ಬಿಸಿಲಿಗೆ ಕಾದ ಟೈಲ್ಸಿನ ಮೇಲೆ ತನು ಎರೆದರೆ ಎಷ್ಟು ತಂಪಾದೀತೋ ದೇವರೇ ಬಲ್ಲ.

ಹೊಳೆ ಕಡಲು ಸೇರುವಲ್ಲಿ ಇನ್ನೊಂದು ಬಗೆಯ ನೆಲ. ಸೌಪರ್ಣಿಕಾ, ಚಕ್ರಾ, ಕುಬ್ಜಾ, ವಾರಾಹಿ, ಖೇಟಾ ಎಂಬ ಐದು ಹೊಳೆಗಳು ಕೂಡುವ ಪಂಚಗಂಗಾವಳಿ ನಮ್ಮ ಗಂಗೊಳ್ಳಿ, ಕುಂದಾಪುರದ ಮುಂದೆಯೇ ಇದೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಪ್ರವಾಸಿಗಳು ಫೋಟೋ ತೆಗೆಯುತ್ತಾರೆ, ತೆಗೆಯಲಿ. ನಾವು ನೋಡಬೇಕಾದ್ದು ಹಿನ್ನೀರಿನ ಕುದ್ರುಗಳನ್ನು. ಉಪ್ಪುನೀರು ಗದ್ದೆಗೆ ನುಗ್ಗದಂತೆ ದಂಡೆ ಕಟ್ಟಿ, ಒಳಗೆ ಭತ್ತ, ದಂಡೆಯ ಮೇಲೆ ತೆಂಗು, ಹೊರಗೆ ಕಾಂಡ್ಲ ಗಿಡ, ಕಾಂಡ್ಲದ ಬೇರಿನಲ್ಲಿ ಮೀನಿನ ಮರಿ. ಬೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ತನ್ನ ಹೆಸರಿನಲ್ಲೇ ಉಪ್ಪನ್ನು ಇಟ್ಟುಕೊಂಡಿದೆ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 'ಮರಳಿ ಮಣ್ಣಿಗೆ' ಕಾದಂಬರಿಗೆ ಆರಿಸಿದ್ದೂ ಕಡಲು ಮತ್ತು ಹಿನ್ನೀರಿನ ನಡುವಿನ ಇಂಥ ಹೊಯ್ಗೆಯ ನೆಲವನ್ನೇ.

ಈ ನೆಲದ ಅಕ್ಕಿ ಒಂದು ಕಾಲದಲ್ಲಿ ಲೋಕ ಸುತ್ತಿದೆ. ಬಾರಕೂರು ಆಳುಪರ ರಾಜಧಾನಿ, ಮುಂದೆ ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರ. ಬಸ್ರೂರು ದೊಡ್ಡ ಬಂದರು. ಪೋರ್ಚುಗೀಸರು ಗೋವೆಗೆ ಅಕ್ಕಿ ತರಿಸಿಕೊಳ್ಳುತ್ತಿದ್ದ ಬಂದರುಗಳಲ್ಲಿ ಇದು ಮುಖ್ಯ. 1569ರಲ್ಲಿ ಅವರು ಇಲ್ಲಿ ಕೋಟೆಯನ್ನೇ ಕಟ್ಟಿ ಕುಳಿತರು. 1665ರಲ್ಲಿ ಶಿವಾಜಿ ಹಡಗುಪಡೆಯೊಂದಿಗೆ ಬಂದು ಬಸ್ರೂರನ್ನು ಸೂರೆ ಮಾಡಿದ. ಇಷ್ಟು ಜನರ ಕಣ್ಣು ಈ ಊರಿನ ಮೇಲೆ ಬೀಳಲು ಘಟ್ಟದ ಮೆಣಸಿನ ಜೊತೆಗೆ ನಮ್ಮ ಬೈಲಿನ ಅಕ್ಕಿಯೂ ಕಾರಣ. ಚರಿತ್ರೆಯ ಪುಸ್ತಕದಲ್ಲಿ ಕೋಟೆ ಕಟ್ಟಿದವನ ಹೆಸರು ಇದೆ. ಅಕ್ಕಿಮುಡಿ ಕಟ್ಟಿದವನ ಹೆಸರು ಇಲ್ಲ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇವೆ. ಕೆಳದಿಯವರು, 1763ರ ನಂತರ ಹೈದರ್, ಟಿಪ್ಪು, 1799ರಿಂದ ಇಂಗ್ಲಿಷರು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ದಾರಿಯಾಗಿ ಹೋಗುತ್ತಾ ಗದ್ದೆ, ಬೆಳೆಗಳ ವಿವರ ಬರೆದಿಟ್ಟ. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿಗೆ ಹೋದಾಗ ಕುಂದಾಪುರ ತಾಲೂಕು ಮಾತ್ರ ದಕ್ಷಿಣ ಕನ್ನಡದೊಂದಿಗೆ ಮದರಾಸಿನಲ್ಲೇ ಉಳಿಯಿತು. 1956ರಲ್ಲಿ ಮೈಸೂರು ರಾಜ್ಯ, 1997ರಲ್ಲಿ ಉಡುಪಿ ಜಿಲ್ಲೆ, 2018ರಲ್ಲಿ ಬೈಂದೂರು, ಬ್ರಹ್ಮಾವರ ಪ್ರತ್ಯೇಕ ತಾಲೂಕು. ಗಡಿಗಳು ಇಷ್ಟು ಸಲ ಬದಲಾದರೂ ತೋಡು ಹರಿಯುವ ದಿಕ್ಕು ಬದಲಾಗಲಿಲ್ಲ.

ನೆಲದೊಡನೆ ಹಬ್ಬಗಳೂ ಹೆಣೆದುಕೊಂಡಿವೆ. ಹೊಸ್ತಿಗೆ ಗದ್ದೆಯಿಂದ ಕದಿರು ತಂದು ಮನೆಗೆ ಕಟ್ಟಿ ಹೊಸ ಅಕ್ಕಿ ಉಣ್ಣುವುದು, ದೀಪಾವಳಿಗೆ ಗದ್ದೆಯ ಅಂಚಿಗೆ ದೀಪ ಇಟ್ಟು ಬಲೀಂದ್ರನನ್ನು ಕರೆಯುವುದು, ಕೊಯ್ಲು ಮುಗಿದ ಮೇಲೆ ಮನೆತನದ ಕಂಬಳಗದ್ದೆಯಲ್ಲಿ ಕೋಣ ಓಡಿಸುವುದು. ವಂಡಾರು, ತಗ್ಗರ್ಸೆ, ಯಡ್ತಾಡಿಯ ಕಂಬಳ ಇವತ್ತಿನ ಜೋಡುಕರೆಯ ಸ್ಪರ್ಧೆಯಂತಲ್ಲ. ಅದು ಗದ್ದೆಯ ಪೂಜೆ, ಹರಕೆ, ಊರು ಸೇರುವ ನೆಪ. ಎಲ್ಲಕ್ಕಿಂತ ಚಂದದ ಉದಾಹರಣೆ ಹೆಮ್ಮಾಡಿಯ ಸೇವಂತಿಗೆ. ಹೆಮ್ಮಾಡಿ ಆಸುಪಾಸಿನ ಗದ್ದೆಗಳಲ್ಲಿ ಬೆಳೆಯುವ ಈ ಸಣ್ಣ ಹಳದಿ ಹೂ ಮಕರ ಸಂಕ್ರಮಣದ ಹೊತ್ತಿಗೆ ಅರಳಿ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಹಬ್ಬಕ್ಕೆ ಹೋಗುತ್ತದೆ. ದೇವರ ದಿನ ನಿಗದಿಯಾಗಿರುವುದರಿಂದ ಗಿಡ ನೆಡುವ ದಿನವೂ ನಿಗದಿ. ಮಂಜು, ಮೋಡ ಹೆಚ್ಚು ಕಮ್ಮಿಯಾಗಿ ಹೂ ಹಿಂದೆ ಮುಂದೆ ಆದರೆ ಬೆಳೆಗಾರನಿಗೆ ವರ್ಷದ ಪೆಟ್ಟು. ಗದ್ದೆ, ದೇವರು, ಮಾರುಕಟ್ಟೆ ಮೂರೂ ಒಂದೇ ದಾರದಲ್ಲಿ ಪೋಣಿಸಿದ ಇಂಥ ಹೂ ಬೇರೆಲ್ಲಿ ಸಿಕ್ಕೀತು?

ಹಾಗೆಂದು ಹಿಂದಿನದೆಲ್ಲ ಚಿನ್ನ ಎಂದು ನಾವು ಹೇಳುವುದಿಲ್ಲ. ಬೆಳೆದದ್ದರಲ್ಲಿ ದೊಡ್ಡ ಪಾಲು ಗೇಣಿಯಾಗಿ ಧಣಿಯ ಅಂಗಳಕ್ಕೆ ಹೋಗುತ್ತಿತ್ತು. ಕಟ್ಟಕ್ಕೆ ಮಣ್ಣು ಹೊತ್ತವರು ಗಂಜಿಗೆ ಪರದಾಡಿದ್ದುಂಟು. ಕಂಬಳಗದ್ದೆಗೆ ಇಳಿದು ದುಡಿಯಬಹುದಾದವರು ಮನೆಯ ಚಾವಡಿ ಹತ್ತುವಂತಿರಲಿಲ್ಲ. ಈ ಭೂದೃಶ್ಯ ಎಷ್ಟು ಚಂದವೋ ಅದರೊಳಗಿನ ಬೆವರು ಅಷ್ಟೇ ಕಹಿ. ಇದನ್ನು ಬಿಟ್ಟು ಬರೆದ ಚರಿತ್ರೆ ಅರ್ಧ ಚರಿತ್ರೆ.

1974ರಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಇದನ್ನು ಬದಲಿಸಿತು. ಉಳುವವನು ಒಡೆಯನಾದ. ನಮ್ಮ ಸಂಘದ ಎಷ್ಟೋ ಸದಸ್ಯರ ಮನೆಗೆ ಮೊದಲ ಸಲ ಪಹಣಿ ಪತ್ರ ಬಂದದ್ದು ಆ ಕಾಯಿದೆಯಿಂದ, ಅದರ ಋಣವನ್ನು ಮರೆಯುವಂತಿಲ್ಲ. ಆದರೆ ಒಂದು ಕೆಲಸ ಹಿಂದೆಯೇ ಉಳಿಯಿತು. ಮೊದಲು ಕಟ್ಟ ಕಟ್ಟುವ ದಿನ ಧಣಿಯ ಮನೆಯಿಂದ ಕರೆ ಬರುತ್ತಿತ್ತು. ಒಡೆಯರು ಹತ್ತಾರು ಮಂದಿ ಆದ ಮೇಲೆ ಕರೆಯುವವರು ಯಾರು? ಗದ್ದೆ ಪಾಲಾಯಿತು, ನೀರು ಪಾಲಾಗುವ ವಸ್ತು ಅಲ್ಲವಲ್ಲ. ಧಣಿಯ ಬಲವಂತದ ಜಾಗದಲ್ಲಿ ಊರಿನ ಒಪ್ಪಿಗೆ ಬರಬೇಕಿತ್ತು. ಅದು ಬರುವ ಮೊದಲೇ ಮನೆಯ ಮಕ್ಕಳು ಮುಂಬಯಿ, ಬೆಂಗಳೂರಿನ ಹೋಟೆಲುಗಳಿಗೆ ಹೋದರು, ಆಮೇಲೆ ಗಲ್ಫಿಗೆ. ಅವರು ಕಳಿಸಿದ ಹಣದಿಂದಲೇ ನಮ್ಮ ಮನೆಗಳಿಗೆ ತಾರಸಿ ಬಂತು. ಅವರನ್ನು ದೂರುವುದಕ್ಕೆ ನಮಗೆ ಬಾಯಿಲ್ಲ.

ಅಭಿವೃದ್ಧಿಯ ಹೆಸರಿನಲ್ಲಿ ಬಂದದ್ದೂ ಮಿಶ್ರ ಫಲವೇ. ಹೆಂಚಿನ ಕಾರ್ಖಾನೆಗಳು ಗದ್ದೆಯ ಜೇಡಿಮಣ್ಣನ್ನು ಹೆಂಚು ಮಾಡಿದವು. ಹೊಂಡ ಗದ್ದೆಯಲ್ಲಿ, ಹೆಂಚು ಮಾಡಿನ ಮೇಲೆ. ವಾರಾಹಿಯ ನೀರಾವರಿ ಯೋಜನೆಗೆ 1979ರಲ್ಲಿ ಮಂಜೂರಾತಿ ಸಿಕ್ಕಿತು. ಹೊಸಂಗಡಿಯ ಭೂಗತ ವಿದ್ಯುದಾಗಾರ 1989ರಲ್ಲಿ ಚಾಲೂ ಆಯಿತು. ಕಾಲುವೆಯ ನೀರಿಗೆ ಮಾತ್ರ ಒಂದು ತಲೆಮಾರು ಕಾಯಬೇಕಾಯಿತು, 2015ರಲ್ಲಿ ಎಡದಂಡೆಯ ಕೆಲವು ಕಡೆಗೆ ನೀರು ಹರಿಯಿತು. ಈ ನೀರನ್ನು ನಂಬಿ ಕಬ್ಬು, ಕಬ್ಬನ್ನು ನಂಬಿ ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ. ನೀರು ಬರುವ ಮೊದಲೇ ಕಾರ್ಖಾನೆ ನಿಂತು ಹೋಯಿತು. ಸಹಕಾರಿಗಳಾದ ನಾವು ಈ ಪಾಠವನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು. 1998ರಲ್ಲಿ ಕೊಂಕಣ ರೈಲು, ನಂತರ ಚತುಷ್ಪಥ ಹೆದ್ದಾರಿ. ಎರಡೂ ಬೇಕಿತ್ತು. ಆದರೆ ಬೈಲಿಗೆ ಅಡ್ಡವಾಗಿ ಎದ್ದ ಮಣ್ಣಿನ ದಿಬ್ಬ ನೀರಿನ ಹಳೆಯ ದಾರಿಯನ್ನು ಕೇಳಿ ಎದ್ದದ್ದಲ್ಲ. ತೋಡಿನಲ್ಲಿ ಹೂಳು ತುಂಬಿ ಮೋರಿ ಸಣ್ಣದಾದಲ್ಲಿ ಮಳೆಗಾಲದಲ್ಲಿ ನಾಟಿ ಮುಳುಗುತ್ತದೆ, ಬೇಸಗೆಯಲ್ಲಿ ಅದೇ ಗದ್ದೆ ಬಿರಿಯುತ್ತದೆ. ಹೆದ್ದಾರಿ ಬದಿಯ ಬೈಲಿಗೆ ಲಾರಿಗಟ್ಟಲೆ ಕೆಂಪುಮಣ್ಣು ಬಿದ್ದು ಸೈಟಾಗುವುದನ್ನು ಎಲ್ಲರೂ ನೋಡಿದ್ದೇವೆ.

ಈಗ ನಮ್ಮ ಹಾಲಿನ ಮಾತಿಗೆ ಬರೋಣ. ಹಾಲಿನ ಸಂಘಕ್ಕೂ ಬೈಲಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಹ್ವಾಯ್, ದನ ತಿನ್ನುವುದು ಹುಲ್ಲನ್ನೇ ಅಲ್ಲವೇ! ಮೊದಲು ಪ್ರತಿ ಮನೆಯ ಅಂಗಳದಲ್ಲಿ ಹುಲ್ಲಿನ ಕುತ್ರಿ ಇತ್ತು. ಕುತ್ರಿಯ ಎತ್ತರ ನೋಡಿ ಹೆಣ್ಣು ಕೊಡುತ್ತಿದ್ದರು ಎಂದು ತಮಾಷೆ ಮಾಡುವುದುಂಟು. ಈಗ ಬೈಹುಲ್ಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿಯುತ್ತದೆ. ಹುಲ್ಲಿಗೂ ದುಡ್ಡು, ಹಿಂಡಿಗೂ ದುಡ್ಡು, ಆಮೇಲೆ ಹಾಲಿನ ದರ ಸಾಲದು ಎಂದು ಮಹಾಸಭೆಯಲ್ಲಿ ಗಲಾಟೆ. ದರದ ಬೇಡಿಕೆ ನ್ಯಾಯವೇ. ಆದರೆ ಗದ್ದೆ ಹಡಿಲು ಬಿಟ್ಟ ಮನೆಯಲ್ಲಿ ದನ ಸಾಕುವ ಖರ್ಚು ಏರುವುದು ದರದಿಂದ ಮಾತ್ರ ಸರಿಯಾಗುವಂಥದ್ದಲ್ಲ. ಹಟ್ಟಿಯ ಗೊಬ್ಬರಕ್ಕೆ ಗದ್ದೆ ಇಲ್ಲ, ಗದ್ದೆಗೆ ಗೊಬ್ಬರ ಇಲ್ಲ ಎಂಬಂತಾಗಿದೆ. ನೀರಿನದ್ದೂ ಅದೇ ಕಥೆ. ಗದ್ದಿ ಹಡ್ಲ್ ಬಿದ್ರೆ ಬಾಮಿಲೂ ನೀರಿಲ್ಲೆ. ಮಳೆಗಾಲವಿಡೀ ಅಂಚಿನೊಳಗೆ ನೀರು ನಿಲ್ಲುವ ಗದ್ದೆ ಎಂದರೆ ಬಾವಿಗೆ ನೀರು ತುಂಬುವ ಒಂದು ಬಟ್ಟಲು. ಅಂಚು ಒಡೆದು, ಪೊದೆ ಬೆಳೆದ ಗದ್ದೆಯಲ್ಲಿ ಆ ಬಟ್ಟಲು ತೂತಾದಂತೆ. ಹೊಳೆಬದಿಯ ಊರುಗಳಲ್ಲಿ ಸಿಹಿನೀರಿನ ಒತ್ತಡ ಕಮ್ಮಿಯಾದಷ್ಟೂ ಉಪ್ಪು ಬಾವಿಗೆ ಹತ್ತಿರ ಬರುತ್ತದೆ.

ಇದು ನಮ್ಮ ಊರಿನ ಕಷ್ಟ ಮಾತ್ರ ಅಲ್ಲ. ಫಿಲಿಪೀನ್ಸ್ ದೇಶದ ಇಫುಗಾವೋ ಎಂಬಲ್ಲಿ ಬೆಟ್ಟದ ಮೈಗೆ ಮೆಟ್ಟಿಲು ಕಡಿದು ಮಾಡಿದ ಭತ್ತದ ಗದ್ದೆಗಳಿವೆ. 1995ರಲ್ಲಿ ಯುನೆಸ್ಕೋ ಅವುಗಳನ್ನು ಸಾಂಸ್ಕೃತಿಕ ಭೂದೃಶ್ಯವೆಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆರು ವರ್ಷದಲ್ಲೇ, 2001ರಲ್ಲಿ, ಅವು ಅಪಾಯದಲ್ಲಿರುವ ಪಟ್ಟಿಗೂ ಸೇರಿದವು. ಎಳೆಯರು ಊರು ಬಿಟ್ಟರು, ಅಂಚು ಕುಸಿಯಿತು. ಜನ, ಸರಕಾರ ಸೇರಿ ದುಡಿದ ಮೇಲೆ 2012ರಲ್ಲಿ ಆ ಪಟ್ಟಿಯಿಂದ ಹೊರಬಂದವು. ಪ್ರಶಸ್ತಿಪತ್ರ ಅಂಚನ್ನು ಹಿಡಿದು ನಿಲ್ಲಿಸುವುದಿಲ್ಲ, ಅಂಚಿಗೆ ಮಣ್ಣು ಮೆತ್ತುವ ಕೈ ಬೇಕು. ನೆರೆಯ ಕೇರಳದ ಕುಟ್ಟನಾಡಿನಲ್ಲಿ ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಪದ್ಧತಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆಯೆಂದು ಗುರುತಿಸಿದೆ. ಅಲ್ಲಿ ದಂಡೆ ಕಾಯುವುದು, ನೀರು ಹೊರಗೆ ಹಾಕುವುದು ಒಬ್ಬೊಬ್ಬರ ಕೆಲಸವಲ್ಲ, ಒಂದು ಪಾಡದ ಎಲ್ಲ ರೈತರು ಸಮಿತಿ ಮಾಡಿಕೊಂಡು ನಡೆಸುವುದು.

ನಮ್ಮಲ್ಲೂ ಕೆಲಸ ಆಗಿಲ್ಲ ಎನ್ನುವಂತಿಲ್ಲ. 2021ರಲ್ಲಿ ಉಡುಪಿಯಲ್ಲಿ ಕೇದಾರೋತ್ಥಾನ ಟ್ರಸ್ಟ್ ಮೂಲಕ ಹಡಿಲು ಬಿದ್ದ ಸಾವಿರಕ್ಕೂ ಹೆಚ್ಚು ಎಕರೆ ಗದ್ದೆಯಲ್ಲಿ ಮತ್ತೆ ನಾಟಿ ನಡೆಯಿತು. ಶಾಲೆ ಮಕ್ಕಳಿಂದ ಹಿಡಿದು ಸಂಘ ಸಂಸ್ಥೆಯವರವರೆಗೆ ಕೆಸರಿಗೆ ಇಳಿದರು. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ನಮ್ಮ ನೆಲಕ್ಕೆ ಹೊಂದುವ ಸಹ್ಯಾದ್ರಿ ಕೆಂಪುಮುಕ್ತಿ ಎಂಬ ಕೆಂಪಕ್ಕಿಯ ತಳಿ ಕೊಟ್ಟಿದೆ. ಕಾಸರಗೋಡಿನ ಏತಡ್ಕದಲ್ಲಿ ಕೃಷಿಕರೇ ಸೇರಿ ಸಾಲಾಗಿ ಕಟ್ಟಗಳನ್ನು ಕಟ್ಟುವ ಕ್ರಮವನ್ನು ಮತ್ತೆ ಎಬ್ಬಿಸಿದ್ದಾರೆ. ಸರಕಾರವೂ ಹಲವೆಡೆ ಕಿಂಡಿ ಅಣೆಕಟ್ಟು ಕಟ್ಟಿಸಿದೆ. ಕಿಂಡಿ ಅಣೆಕಟ್ಟಿನ ಗುಟ್ಟು ಕಾಂಕ್ರೀಟಿನಲ್ಲಿಲ್ಲ, ಹಲಗೆಯಲ್ಲಿದೆ. ಮಳೆ ಬಿಟ್ಟ ಮೇಲೆ ಹದ ನೋಡಿ ಹಲಗೆ ಇಳಿಸಬೇಕು. ಹದಿನೈದು ದಿನ ತಡವಾದರೆ ನೀರು ಹೋಯಿತು. ಮಳೆಗಾಲದ ಮೊದಲು ತೆಗೆಯಬೇಕು, ಮರೆತರೆ ಮೇಲಿನ ಗದ್ದೆ ಮುಳುಗಿತು. ಹಲಗೆ ಯಾರ ಕೊಟ್ಟಿಗೆಯಲ್ಲಿದೆ, ಕೊಳೆತಿದೆಯೇ, ಇಳಿಸುವ ಕೂಲಿ ಯಾರದು ಎಂಬಲ್ಲಿಗೆ ಬಂದಾಗ ಪಂಚಾಯತು ಇಲಾಖೆಯ ಮುಖ ನೋಡುತ್ತದೆ, ಇಲಾಖೆ ಊರಿನ ಮುಖ ನೋಡುತ್ತದೆ, ಊರು ಆಕಾಶ ನೋಡುತ್ತದೆ.

ಇಲ್ಲೇ ಸಹಕಾರಿ ಸಂಘಕ್ಕೆ ಜಾಗ ಇದೆ ಎಂಬುದು ನಮ್ಮ ಅಭಿಪ್ರಾಯ. 1904ರಲ್ಲಿ ಸಹಕಾರಿ ಕಾಯಿದೆ ಬಂದು, 1905ರಲ್ಲಿ ಗದಗದ ಕಣಗಿನಹಾಳದಲ್ಲಿ ನಮ್ಮ ನಾಡಿನ ಮೊದಲ ಸಂಘ ಹುಟ್ಟಿತು. ನಮ್ಮ ಜಿಲ್ಲೆಯಲ್ಲಿ ಈ ಚಳವಳಿಯ ಪಿತಾಮಹರೆನಿಸಿದ ಮೊಳಹಳ್ಳಿ ಶಿವರಾಯರು ದುಡಿದದ್ದು ಪುತ್ತೂರಿನಲ್ಲಿ, ಆದರೆ ಹೆಸರಿನಲ್ಲಿ ಹೊತ್ತದ್ದು ನಮ್ಮ ಕುಂದಾಪುರದ ಮೊಳಹಳ್ಳಿಯನ್ನು. ಒಬ್ಬನಿಂದ ಆಗದ್ದನ್ನು ಹತ್ತು ಮಂದಿ ಪಾಲು ಹಾಕಿ ಮಾಡುವುದು ಎಂಬ ಲೆಕ್ಕ ಕಟ್ಟ ಕಟ್ಟುತ್ತಿದ್ದವರಿಗೆ ಆ ಕಾಯಿದೆಗಿಂತ ಮೊದಲೇ ಗೊತ್ತಿತ್ತು. ಧಣಿಯ ಕರೆ ನಿಂತ ಜಾಗದಲ್ಲಿ ಸಂಘದ ಕರೆ ಬರಬಹುದಲ್ಲ? ನಮ್ಮ ಸಂಘದ ಸದಸ್ಯರು ದಿನಕ್ಕೆ ಎರಡು ಸಲ ಒಂದೇ ಜಾಗದಲ್ಲಿ ಸೇರುತ್ತಾರೆ. ಊರಿನ ಇನ್ನಾವ ಸಂಸ್ಥೆಗೆ ಈ ಅನುಕೂಲ ಇದೆ ಹೇಳಿ.

ಆದ್ದರಿಂದ ಬೆಳ್ಳಿಹಬ್ಬದ ನಂತರದ ಮಹಾಸಭೆಗೆ ನಾವು ಒಂದು ಸೂಚನೆ ಇಡುತ್ತಿದ್ದೇವೆ. ಲಾಭ ವಿಂಗಡಣೆಯಲ್ಲಿ ಕಟ್ಟದ ಬಾಬು ಎಂದು ಸಣ್ಣ ಮೊತ್ತ ತೆಗೆದಿಡುವುದು. ಊರಿನ ತೋಡು, ಮದಗ, ಹಳೆಯ ಕಟ್ಟದ ಜಾಗ, ಹಡಿಲು ಗದ್ದೆ ಇವುಗಳನ್ನು ಹಿರಿಯರನ್ನು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡುವುದು. ಹಲಗೆಗಳನ್ನು ಸಂಘದ ಗೋದಾಮಿನಲ್ಲಿ ಇಡುವುದು. ಹಡಿಲು ಗದ್ದೆಯನ್ನು ಉಳುವ ಸದಸ್ಯನಿಗೆ ಗದ್ದೆಯ ಒಡೆಯ ಹುಲ್ಲಿನ ಹಕ್ಕನ್ನಾದರೂ ಬರಹದಲ್ಲಿ ಬಿಟ್ಟುಕೊಡುವುದು, ಏಕೆಂದರೆ ಮುಂದೆ ಗೇಣಿಯ ತಕರಾರು ಬರುತ್ತದೆ ಎಂಬ ಹೆದರಿಕೆಯಿಂದಲೇ ಅನೇಕರು ಗದ್ದೆಯನ್ನು ಪಾಳು ಬಿಡುತ್ತಾರೆ. ಕಾರ್ತಿ ಕೊಯ್ಲು ಮುಗಿಯುವ ಹೊತ್ತಿಗೆ ಈ ಪುಸ್ತಕ ತಯಾರಾದರೆ ಈ ವರ್ಷವೇ ಮೊದಲ ಕಟ್ಟಕ್ಕೆ ಇಳಿಯಬಹುದು. ಬುಟ್ಟಿ, ಹಾರೆ ಅವರವರ ಮನೆಯಿಂದ ತರುವುದು. ಚಾ, ಅವಲಕ್ಕಿ ಸಂಘದ ಲೆಕ್ಕದಲ್ಲಿ.